ಮಾಮಾನ ಸಿತಾರಿನ ದಂಡಿ

ನನ್ನ ಸೋದರಮಾವ ಹೆಣ್ಣು ನೋಡಲು ಹೋಗಿ ಮಾಮಿಯನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಬಟ್ಟಲು ಹಾಲು ಕುಡಿಯುವಷ್ಟು ಹೊತ್ತು. ಅದೇ ಮನುಷ್ಯ ಒಂದು ಸಿತಾರಿನ ದಂಡಿಯನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಎರಡು ಸುಗ್ಗಿ! ಸುಳ್ಳೆನಿಸಿದರೆ ಕೊಪ್ಪಳದ ಬಜಾರಿನಲ್ಲಿ ಆ ಕಾಲದವರನ್ನು ಯಾರನ್ನಾದರೂ ಕೇಳಿ.

ದಂಡಿ ಎಂದರೆ ಸಿತಾರಿನ ಉದ್ದನೆಯ ಕತ್ತು. ಎಡಗೈ ಬೆರಳುಗಳು ಅದರ ಮೇಲೆ ಓಡಾಡಿದರೆ, ಹೆಬ್ಬೆರಳು ಅದರ ಬೆನ್ನಿಗೆ ಆನಿಕೊಂಡಿರುತ್ತದೆ. ಒಂದು ದಿನ ಎತ್ತು ಬೆದರಿ, ಮಾಮಾನ ಆ ಹೆಬ್ಬೆರಳು ನೊಗಕ್ಕೂ ಹಗ್ಗಕ್ಕೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಗಾಯವೇನೋ ಮಾಯಿತು, ಬೆರಳು ಮಾತ್ರ ಮಡಚುವುದನ್ನೇ ಮರೆಯಿತು. ಹಳೆಯ ಸಿತಾರು ಹಿಡಿದರೆ ಮೊಳಕೈವರೆಗೆ ನೋವು. ಹಕೀಮರು, "ಬಾರಿಸೋದು ಬಿಟ್ಟುಬಿಡ್ರಿ" ಎಂದರು.

"ಬಿಡ್ತೀನ್ರಿ! ಅದರ ಹಿಂದ ಊಟಾ ಬಿಡ್ಲೋ, ಉಸಿರು ಬಿಡ್ಲೋ, ಅದನ್ನೂ ಹೇಳಿಬಿಡ್ರಿ" ಎಂದು ಮಾಮಾ ಎದ್ದು ಬಂದ.

ಬೆರಳು ದಂಡಿಗೆ ಒಗ್ಗದಿದ್ದರೆ ದಂಡಿಯೇ ಬೆರಳಿಗೆ ಒಗ್ಗಲಿ ಎಂಬುದು ಅವನ ವಾದ. ಅಟ್ಟದ ಮೇಲೆ ಅವನಪ್ಪನ ಕಾಲದ ತೇಗದ ತುಂಡೊಂದಿತ್ತು. ಯುದ್ಧದ ದಿನಗಳು, ಅಂಥ ತೇಗ ಮತ್ತೆ ಸಿಗುವ ಮಾತಿಲ್ಲ. ಒಂದು ಉಳಿಯೇಟು ಹೆಚ್ಚಾದರೆ ಮುಗಿಯಿತು. ತೇಗವೇನು ಜೋಳದ ಹಿಟ್ಟೇ, ಮತ್ತೆ ಕಲಸಿ ಹಚ್ಚಲು? ಆದ್ದರಿಂದ ಹೆಬ್ಬೆರಳಿಗೆ ಸುಖವಾದ ಆಕಾರ ಸಿಗುವವರೆಗೆ ಅದನ್ನು ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆಯಾಯಿತು.

ಅಲ್ಲಿಂದ ಶುರುವಾಯಿತು ನೋಡಿ, ಮಾಮಾನ ದಿಗ್ವಿಜಯ! ಕಂಡ ಕಂಡ ಹಿಡಿಕೆಗೆಲ್ಲ ಕೈ ಹಾಕುವುದು, ಕಣ್ಣು ಮುಚ್ಚುವುದು, ಬೆರಳು ಮೇಲೆ ಕೆಳಗೆ ಆಡಿಸುವುದು. ಒನಕೆ, ಛತ್ರಿ, ಸೈಕಲ್ಲು, ಯಾವುದನ್ನೂ ಬಿಡಲಿಲ್ಲ. ಕನಕಗಿರಿ ಸಂತೆಯಲ್ಲಿ ಕೊಡಲಿ ಮಾರುವವನ ಮುಂದೆ ಕೂತು ಒಂದೊಂದೇ ಕೊಡಲಿಯ ಹಿಡಿಕೆಯನ್ನು ಹಿಡಿದು ಧ್ಯಾನಕ್ಕಿಳಿದ. ಪಾಪ, ಮಾರುವವನು ಎಷ್ಟು ಹೊತ್ತು ತಾಳಿಯಾನು?

"ಸಾವ್ಕಾರ್ರ, ಕೊಡ್ಲಿ ನಿಮಗ ಕಟ್ಟಿಗಿ ಕಡಿಯಾಕ ಬೇಕೋ, ತೊಡಿ ಮ್ಯಾಲ ಮಲಗಿಸ್ಕೊಂಡು ಜೋಗುಳ ಹಾಡಾಕ ಬೇಕೋ?"

ನನ್ನನ್ನು ಯಲಬುರ್ಗಿಗೆ ಕೊಟ್ಟ ಹೊಸದರಲ್ಲಿ ಮಾಮಾ ಮಾತನಾಡಿಸಿಕೊಂಡು ಹೋಗಲು ಬಂದ. ಬಂದವನು ನನ್ನನ್ನು ಮಾತನಾಡಿಸಿದ್ದರೆ ತಾನೆ! ಕಣ್ಣೆಲ್ಲ ನನ್ನ ಮಾವನವರ ಊರುಗೋಲಿನ ಮೇಲೆ. "ಸ್ವಲ್ಪ ಕೊಡ್ರಿ ಬೀಗ್ರ" ಎಂದು ಇಸಿದುಕೊಂಡ. ತಿರುವಿದ, ಸವರಿದ. ಕೊನೆಗೆ, "ಹೊಟ್ಟಿ ಛಲೋ ಐತ್ರಿ, ಬೆನ್ನು ಮಾತ್ರ ಭಾಳ ಚಪ್ಪಟಿ" ಎಂದ. ನಮ್ಮ ಮಾವನವರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು, ಬೆನ್ನು ಮುಟ್ಟಿಕೊಂಡು, ಗೋಡೆಗೆ ಒರಗಿ ಕೂತುಬಿಟ್ಟರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೋಡಿದೆ.

ಬಡಿಗೇರ ಅಜ್ಜನ ಪಾಡು ಇನ್ನೂ ಬೇರೆ. ಬೇವಿನ ಕಟ್ಟಿಗೆಯಲ್ಲಿ ಅವನು ಮಾದರಿ ದಂಡಿ ಕೆತ್ತಿಕೊಡುವುದು, ಮಾಮಾ ಅದನ್ನು ಹಗಲೆಲ್ಲ ಎಡಗೈಯಲ್ಲಿ ಹಿಡಿದು ತಿರುಗುವುದು, ಸಂಜೆ ಒಯ್ದು "ಇನ್ನೊಂದ್ಚೂರು ಹೆರಿ" ಎನ್ನುವುದು. ಕಡೆಗೊಮ್ಮೆ ಅಜ್ಜ ಉಳಿ ನೆಲಕ್ಕೆಸೆದ.

"ಇನ್ನ ಹೆರದ್ರ ಇದು ದಂಡಿ ಅಲ್ರಿ, ಹಲ್ಲುಕಡ್ಡಿ ಆಕ್ಕೈತಿ!"

ನಾವು ನಗುತ್ತಿದ್ದೆವು ನಿಜ. ಆದರೆ ಒಳಗೊಳಗೇ ನನಗೆ ಅವನ ಮೇಲೆ ಭಾರೀ ಅಭಿಮಾನ. ತನಗೆ ಬೇಕಾದ ಒಂದೇ ಒಂದು ವಸ್ತುವಿಗಾಗಿ ಊರೂರು ನಗಿಸಿಕೊಂಡು ತಿರುಗುವ ಎದೆ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ! ಒಮ್ಮೊಮ್ಮೆ ಅವನು ಹೊದಿಕೆ ಹಾಕಿಟ್ಟ ಹಳೆಯ ಸಿತಾರಿನ ಮುಂದೆ ಸುಮ್ಮನೆ ಕೂತಿರುವುದನ್ನು ಕಂಡರೆ ನಗುವುದನ್ನು ಬಿಟ್ಟು ಮೆಲ್ಲಗೆ ಹಿಂದೆ ಸರಿಯುತ್ತಿದ್ದೆ.

ಆ ಸಲ ಪಂಚಮಿಗೆ ನಾನು ತವರಿಗೆ ಬಂದವಳು ಮಾಮಾನ ಮನೆಯಲ್ಲೇ ಇದ್ದೆ. ಮಾಮಿ ಹಿತ್ತಲ ಬಾವಿಕಟ್ಟೆಯಲ್ಲಿ ಪಾಚಿಗೆ ಕಾಲು ಜಾರಿ ಬಿದ್ದಳು. ಮಾಮಾ ಓಡಿಹೋಗಿ ಎಡಗೈಯಿಂದ ಅವಳ ಮುಂಗೈ ಹಿಡಿದು ಎಬ್ಬಿಸಿದ. ಎಬ್ಬಿಸಿದವನು ಅಲ್ಲೇ ನಿಂತ. ಕಣ್ಣು ಮುಚ್ಚಿದ. ಬಳೆಗಳನ್ನು ಮೇಲೆ ಸರಿಸಿ ಬೆರಳಾಡಿಸತೊಡಗಿದ!

"ಬಿಡ್ರೀ! ಮಂದಿ ನೋಡ್ತಾರ!"

"ತಡಿಯ ಒಂಚೂರು, ಹೆಬ್ಬಟ್ಟು ಕುಂತೈತಿ! ನೋವಿಲ್ಲ!"

"ನಂಗ ಸೊಂಟ ನೋಯಾಕ ಹತ್ತೈತಿ, ನಿಮಗ ಹೆಬ್ಬಟ್ಟಿನ ಚಿಂತಿ ಬಿದ್ದೈತೇನು!"

ಮರುದಿನವೇ ಕೆರೆಯ ಜಿಗುಟು ಮಣ್ಣು ಬಂತು. ಮಾಮಿ ಬೈಯುತ್ತ, ನಾಚುತ್ತ, ಅದರಲ್ಲಿ ಮುಂಗೈ ಒತ್ತಿ ಅಚ್ಚು ಮಾಡಿಕೊಟ್ಟಳು. ಬಡಿಗೇರ ಅಜ್ಜ ಅಚ್ಚನ್ನು ತಿರುಗಿಸಿ ನೋಡಿ, "ಬಂಗಾರದ ಬಳಿ, ಬಿಲ್ವಾರಕ್ಕ ಕೈಯಳತಿ ಕೊಡೋರನ್ನ ನೋಡೀನಿ, ಕಟ್ಟಿಗಿಗೆ ಕೊಡೋರನ್ನ ಇವತ್ತ ನೋಡಿದ್ನೆವ್ವ" ಎಂದ. ಅಟ್ಟದಿಂದ ತೇಗ ಇಳಿಯಿತು. ಅಜ್ಜ ಕೆತ್ತುತ್ತಿದ್ದಷ್ಟು ದಿನವೂ ಮಾಮಾ ಎದುರಿಗೇ ಕೂತು, ಉಳಿ ಎತ್ತಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದನಂತೆ.

ದಂಡಿ, ಸೋರೆಬುರುಡೆ, ತಂತಿ ಎಲ್ಲ ಕೂಡಿಸಿ ಶ್ರುತಿ ಮಾಡಿದ ದಿನ ನಾನೂ ಹೋಗಿದ್ದೆ. ಮಾಮಾ ಪಡಸಾಲೆಯಲ್ಲಿ ಕೂತು ಬಾರಿಸತೊಡಗಿದ. ಎರಡು ಸುಗ್ಗಿಯ ಮೇಲೆ ಆ ಮನೆಯಲ್ಲಿ ಮತ್ತೆ ಸಿತಾರು! ಬೆರಳುಗಳು ಸರಾಗವಾಗಿ ಮೇಲೆ ಹೋದವು, ಕೆಳಗೆ ಬಂದವು. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ಇದ್ದಕ್ಕಿದ್ದಂತೆ ಮಾಮಾ ಬಾರಿಸುವುದನ್ನು ನಿಲ್ಲಿಸಿದ. ಮಾಮಿ ಹಿಟ್ಟಿನ ಕೈಯಲ್ಲೇ ಗಾಬರಿಯಿಂದ ಬಾಗಿಲಿಗೆ ಬಂದಳು.

"ಯಾಕ್ರೀ, ಕೈ ನೋಯ್ತೇನು?"

ಮಾಮಾ ದಂಡಿಯ ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

"ನಂದಲ್ಲ. ಒತ್ತಿ ಹಿಡಿದ್ರ ನಿನ್ನ ಕೈ ನೋಯ್ತೈತೇನೋ ಅನ್ನಿಸ್ತು."