ರೇಷ್ಮೆಯವರ ಮನೆಯಲ್ಲಿ ಉಣ್ಣೆ ಬೆಂದದ್ದು

ಸ್ವೆಟರ್ ಒಗೆಯಲು ನನಗೆ ಯಾರ ಬುದ್ಧಿವಾದವೂ ಬೇಕಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎರಡು ತಲೆಮಾರಿನ ಹುಡುಗಿಯರಿಗೆ ಸಾಬೂನಿನ ಸೂತ್ರ ಬಾಯಿಪಾಠ ಮಾಡಿಸಿದವಳು ನಾನು. ಕೊಳ್ಳೇಗಾಲದಲ್ಲಿ ಬಟ್ಟೆ ಒಗೆಯುವವರು ಬೇಕಾದಷ್ಟು ಜನ ಇದ್ದಾರೆ. ಬಟ್ಟೆ ಏಕೆ ಶುಭ್ರವಾಗುತ್ತದೆ ಎಂದು ಬಲ್ಲವಳು ನಾನೊಬ್ಬಳೇ!

ಸ್ವೆಟರು ಯಜಮಾನರದು. ಹೆಣೆದವರು ಅವರ ಅಕ್ಕ, ನನ್ನ ಅತ್ತಿಗೆ, ಯಳಂದೂರಿನ ದೊಡ್ಡಬಸಮ್ಮನವರು. ಒಂದು ಮದುವೆ ಮನೆಯಲ್ಲಿ ಬೀಗರೆದುರಿಗೆ ಅವರ ಮಾತನ್ನು ನಾನು ತಿದ್ದಿದ ಕಾರಣಕ್ಕೆ ಬಹಳ ವರ್ಷ ನಮ್ಮ ಹೊಸಿಲು ತುಳಿದಿರಲಿಲ್ಲ. ಕೊನೆಗೆ ತಾವಾಗಿಯೇ ಕರಗಿ, ಊಟಿಯಿಂದ ಉಣ್ಣೆ ತರಿಸಿ, ಚಳಿಗಾಲವಿಡೀ ಕೂತು ಹೆಣೆದು ಕಳಿಸಿದ್ದರು. ಅದು ಸ್ವೆಟರಲ್ಲ, ಸಂಧಿಪತ್ರ! ಭಾನುವಾರ ತಾವೇ ಬರುವುದಾಗಿಯೂ ಹೇಳಿ ಕಳಿಸಿದ್ದರು.

"ಅಕ್ಕ ಬರೋವೊತ್ಗೆ ಇದು ನನ್ನ ಮೈಮೇಲಿರ್ಬೇಕು. ಇಲ್ದಿದ್ರೆ ಇನ್ನು ಈ ಜನ್ಮದಲ್ಲಿ ಬರಾಕಿಲ್ಲ," ಎಂದರು ಯಜಮಾನರು.

"ಇರಲಿ. ಆದರೆ ಅದರ ನಾತ?"

ನಮ್ಮದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಬೆಂದ ಹುಳುವಿನ ವಾಸನೆ ಸ್ವೆಟರಿಗೆ ಹತ್ತಿತ್ತು. ಜೊತೆಗೆ ಅವರದೊಂದು ದೂರು.

"ಕತ್ತೆಲ್ಲಾ ಚುಚ್ತದೆ, ಮೇಡಮ್ನೋರೆ."

"ಕಚ್ಚಾ ರೇಷ್ಮೆ ಒರಟಾಗಿರುತ್ತದೋ ಇಲ್ಲವೋ?"

"ಇರ್ತದೆ."

"ಸಾಬೂನು, ಸೋಡಾ ಹಾಕಿ ಕುದಿಸಿದರೆ?"

"ಅಂಟು ಬುಟ್ಟು ಬೆಣ್ಣೆ ಆಗ್ತದೆ."

"ರೇಷ್ಮೆ ಹುಳುವಿನದು, ಉಣ್ಣೆ ಕುರಿಯದು. ಎರಡೂ ಪ್ರೋಟೀನು. ಅಂದಮೇಲೆ?"

"ಅಂದ್ಮೇಲೆ ಇದೂ ಬೆಣ್ಣೆ ಆಗ್ಲೇಬೇಕು!"

ತಲೆತಲಾಂತರದಿಂದ ಗೂಡು ಬೇಯಿಸಿ ಬಾಳಿದ ವಂಶ. ಕುದಿಯುವ ನೀರಿನ ಮೇಲೆ ಅನುಮಾನ ಪಡುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಒಗೆಯುವ ಯಂತ್ರ ಊರಿಗೆಲ್ಲ ನಮ್ಮದೊಂದೇ. ಮದರಾಸಿನಿಂದ ಸ್ವದೇಶಕ್ಕೆ ಹೊರಟಿದ್ದ ಜರ್ಮನ್ ಎಂಜಿನಿಯರೊಬ್ಬನಿಂದ ಕೊಂಡು ನೂಲಿನ ಲಾರಿಯಲ್ಲಿ ತಂದಿದ್ದು. ಅದರ ಮೇಲಿನ ಬರಹವೆಲ್ಲ ಜರ್ಮನ್; ನನಗೆ ಬರುವುದು ಇಂಗ್ಲಿಷು, ಸಂಸ್ಕೃತ. ಆದರೆ ಅಂಕಿಗೆ ಯಾವ ದೇಶದ ಹಂಗೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಂಕಿಗೆ ಗುಂಡಿ ತಿರುಗಿಸಿ, ಸಾಬೂನು, ಸೋಡಾ ಸುರಿದೆ. ಯಂತ್ರ ಗುಡುಗಿತು, ನಡುಗಿತು, ಬಚ್ಚಲಿನಿಂದ ಅಡಿಗೆಮನೆಯ ಕಡೆಗೆ ಒಂದು ಮೊಳ ಪ್ರಯಾಣವನ್ನೂ ಮಾಡಿ ನಿಂತಿತು.

ಬಾಗಿಲು ತೆಗೆದೆ. ಸ್ವೆಟರ್ ಇಲ್ಲ! ಒಳಗೆ ಒಂದು ಕೂಸಿನ ಅಂಗಿ ಇತ್ತು. ನಮ್ಮ ಮನೆಯಲ್ಲಿ ಕೂಸಿಲ್ಲ.

ಕೆಲಸದ ಕೆಂಪಾಜಮ್ಮ ಅದನ್ನು ಎತ್ತಿ ಹಿಡಿದಳು. "ಯಾರ್ ಮಗೀದವ್ವ ಇದು? ಒಳ್ಳೆ ದಪ್ಪುಕದೆ, ರೊಟ್ಟಿ ಇದ್ದಂಗೆ!"

ಯಂತ್ರದೊಳಗೆ ಕೈ ಹಾಕಿ ತಡಕಿದೆ. ನೀರು ಹೋಗುವ ಕೊಳವೆಗೆ ಟಾರ್ಚು ಬಿಟ್ಟೆ. ಕೊನೆಗೆ ಕೂಸಿನ ಅಂಗಿಯ ಕೊರಳಲ್ಲಿ ಅತ್ತಿಗೆಯವರು ಹೊಲಿದಿದ್ದ ಗುಂಡಿಗಳನ್ನು ಕಂಡೆ. ಸ್ವೆಟರ್ ಅದೇ! ಹೆಣಿಗೆಯ ಒಂದು ಕಣ್ಣೂ ಕಾಣದಂತೆ ಎಳೆಗೆ ಎಳೆ ಕಚ್ಚಿಕೊಂಡು ಕಂಬಳಿಯ ತುಂಡಾಗಿದೆ. ನನಗೆ ಒಂದೂ ಅರ್ಥವಾಗಲಿಲ್ಲ. ಒಣಗಿದ ಮೇಲೆ ಕಾರ್ಖಾನೆಯ ತಕ್ಕಡಿಯಲ್ಲಿ ತೂಗಿಸಿದೆ. ಸ್ವೆಟರ್ ಎಷ್ಟು ತೂಗಬೇಕೋ ಅಷ್ಟೇ ತೂಗಿತು! ಏನೂ ಕಳೆದಿಲ್ಲ, ಆದರೆ ಯಜಮಾನರ ಮುಕ್ಕಾಲು ಪಾಲು ಹೊರಗೆ ಉಳಿಯುತ್ತದೆ. ದ್ರವ್ಯದ ಬಗ್ಗೆ ನಾನು ಕಲಿಸಿದ ಪಾಠವೆಲ್ಲ ನನ್ನನ್ನೇ ನೋಡಿ ನಕ್ಕಿತು.

"ಅಂಟು ಪೂರಾ ಬುಟ್ಟಿಲ್ಲ ಅನ್ಸ್ತದೆ," ಎಂದರು ರೇಷ್ಮೆ ಶಾಸ್ತ್ರಜ್ಞರು. "ಇನ್ನೊಂದ್ ಸುತ್ತು ಬೇಯಿಸು."

ಬೇಯಿಸಿದೆ. ಕೂಸು ಇನ್ನೂ ಎಳೆಯದಾಯಿತು!

"ಎಳೆದ್ರೆ ಬತ್ತದೆ ಬುಡಿ," ಎಂದಳು ಕೆಂಪಾಜಮ್ಮ. ಒಂದು ತೋಳು ಅವಳಿಗೆ, ಒಂದು ತೋಳು ಯಜಮಾನರಿಗೆ. "ಊಂ" ಎಂದೆ. ಇಬ್ಬರೂ ಎಳೆದರು. ಯಜಮಾನರು ಸೋಡಾ ಡಬ್ಬದ ಮೇಲೆ ಕುಳಿತರು, ಕೆಂಪಾಜಮ್ಮ ನೀರಿನ ತೊಟ್ಟಿಯಲ್ಲಿ ಕುಳಿತಳು. ಸ್ವೆಟರ್ ಮಾತ್ರ ಎಳ್ಳಷ್ಟೂ ಹಿಗ್ಗದೆ ನೆಲಕ್ಕೆ ಬಿತ್ತು.

ಅದೇ ಹೊತ್ತಿಗೆ ಬಾಗಿಲಲ್ಲಿ ಕಂಚಿನ ಕಂಠ.

"ಗುರುಮಲ್ಲಾ! ಏನ್ಲಾ ಅದು, ನೆಲದ ಮೇಲೆ?"

ಅತ್ತಿಗೆಯವರು ಒಂದು ದಿನ ಮುಂಚೆಯೇ ಬಸ್ಸು ಹತ್ತಿ ಬಂದುಬಿಟ್ಟಿದ್ದರು! ಬಚ್ಚಲಿನವರೆಗೂ ನಡೆದು ಬಂದರು. ಬಗ್ಗಿ ಅದನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು, ಕಿವಿಯ ಹತ್ತಿರ ಹಿಡಿದು ತಟ್ಟಿದರು. ಸಂಧಿ ಮುರಿಯಿತು, ಯಜಮಾನರಿಗೆ ಅಕ್ಕ ಇಲ್ಲವಾದರು ಎಂದುಕೊಂಡೆ.

"ರತ್ನಾ," ಎಂದರು ಅತ್ತಿಗೆ, ಮೆತ್ತಗೆ. "ನೀನೂ ಎಣೀತಿದ್ದೀಯಾ?"

"ಹ್ಞಾಂ?"

"ನಂದು ನೋಡಿ ಆಸೆ ಆಗದೆ. ಅದೇ ಬಣ್ಣದ ಉಣ್ಣೆ ಉಡುಕಿದ್ದೀಯ, ಅಂತದೇ ಗುಂಡಿ ಇಟ್ಟಿದ್ದೀಯ. ಆದ್ರೆ ಇದೇನವ್ವಾ, ಇಂಗೆ ಬಿಗಿದಿದ್ದೀಯಾ? ಎಮ್ಮೆ ಕಟ್ಟಾಕೆ ಅಗ್ಗ ಒಸ್ದಿದ್ಯಾ? ಈ ತೋಳ್ನಾಗೆ ಯಾವ್ ಮನ್ಸ ಕೈ ಆಕಾನು? ಅಷ್ಟೊಂದ್ ಓದಿ ಬೆರಳ್ಗೆ ಬುದ್ಧಿ ಬರ್ನಿಲ್ವಲ್ಲಾ!"

ಯಜಮಾನರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಒಂದು ದೊಡ್ಡ ಪ್ರಾರ್ಥನೆಯಿತ್ತು. ತಪ್ಪನ್ನು ತಿದ್ದುವುದೇ ನನ್ನ ವೃತ್ತಿ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಮಡಿಸಿ ಒಳಗಿಟ್ಟುಕೊಂಡೆ.

"ಹೌದು ಅತ್ತಿಗೆ. ನಾನೇ ಹೆಣೆದೆ. ಸರಿಯಾಗಿ ಬರಲಿಲ್ಲ."

"ಸರಿಯಾಗಿ? ಇಂತಾ ದರಿದ್ರ ಎಣಿಗೆ ನನ್ ಜೀವಮಾನದಾಗೆ ನೋಡ್ನಿಲ್ಲ! ನಂದೆಲ್ಲಿ ಮಲ್ಲಾ?"

"ಅದಾ... ಅದು ಜೋಪಾನವಾಗದೆ ಅಕ್ಕ," ಎಂದರು ಯಜಮಾನರು. ಸುಳ್ಳಲ್ಲ, ಅದು ಅಕ್ಕನ ಕೈಯಲ್ಲೇ ಜೋಪಾನವಾಗಿತ್ತು.

ಅತ್ತಿಗೆ ಊರಿಗೆ ಹೋಗಲಿಲ್ಲ. ನನಗೆ ವಿದ್ಯೆ ಕಲಿಸಿಯೇ ಹೋಗುವೆನೆಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ನಾನು ನೆಲದ ಮೇಲೆ. ಬೆರಳು ತಪ್ಪಿದರೆ ಹೆಣಿಗೆ ಕಡ್ಡಿಯಿಂದ ಗಿಣ್ಣಿನ ಮೇಲೆ ಒಂದು ಏಟು! ಬಂದ ಬೀಗರು, ನೆಂಟರಿಗೆಲ್ಲ ಆ ರೊಟ್ಟಿಯಂಥ ಅಂಗಿಯನ್ನು ತೋರಿಸಿ, "ಎಂ.ಎಸ್ಸಿ. ಓದಿದೋರ ಕೈಕೆಲ್ಸ ಕಣ್ರಿ," ಎಂದು ಪರಿಚಯಿಸಿದರು. ಯಜಮಾನರು ಒಂದು ದಿನವೂ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಅಕ್ಕನ ಎಡಬದಿಗೆ ಕುಳಿತು ಒಬ್ಬಟ್ಟು ತಿನ್ನುತ್ತಿದ್ದರು.

ಅಂತೂ ಒಂದು ದಿನ, ಮನುಷ್ಯನ ಅಳತೆಯ ಸ್ವೆಟರೊಂದು ನನ್ನ ಕೈಯಿಂದಲೇ ಹೊರಬಿತ್ತು. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಣ್ಣನ್ನೂ ಪರೀಕ್ಷಿಸಿ, ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು.

"ಈಗ ಸೈ! ಆದ್ರೆ ನಿನ್ ಕೈಬೆವರು ಇಡ್ದು ಕಪ್ಪಗಾಗದೆ. ಆ ಜರ್ಮನಿ ಮಿಶಿನ್ ಅದಲ್ಲಾ, ಅದ್ರಾಗ್ ಆಕು. ಚೆನ್ನಾಗಿ ಕುದಿಯೋ ನೀರ್ನಾಗೆ!"

ನಾನು ಬಾಯಿ ತೆರೆಯುವಷ್ಟರಲ್ಲಿ, ಯಜಮಾನರು ಗೋಡೆಯ ಫ್ಯೂಸನ್ನು ಕಿತ್ತು ಜುಬ್ಬದ ಜೇಬಿಗೆ ಇಳಿಸಿಯಾಗಿತ್ತು.

"ಕರೆಂಟ್ ಓಯ್ತು, ಅಕ್ಕ!"