ರಾಮಸ್ವಾಮಿಯವರು ಲಿನಕ್ಸ್ ಹಾಕಿದ್ದು

ಲಿನಕ್ಸ್ ಹಾಕಲು ಬರುತ್ತದೆಯೇ ಎಂದು ಮುಂಬಯಿಯ ಘಾಟ್ಕೋಪರಿನ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಕೇಳಿದಾಗ ರಾಮಸ್ವಾಮಿ ಬರುತ್ತದೆ ಎಂದುಬಿಟ್ಟಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ಪ್ರೆಸ್ಸಿನ ಕೆಲಸ ಕಳೆದುಕೊಂಡು ಎಂಟು ತಿಂಗಳು ಮನೆಯಲ್ಲಿ ಕೂತವರಿಗೆ ಇಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ. ಶಾಲೆಯ ಮೂವತ್ತು ಹಳೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ತೆಗೆದು ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಬೇಕು, ಆಮೇಲೆ ಲ್ಯಾಬ್ ನೋಡಿಕೊಳ್ಳಬೇಕು. ಮೊದಲು ಮನೆಯ ಕಂಪ್ಯೂಟರಿಗೆ ಹಾಕಿ, ಶನಿವಾರ ನಾಲ್ಕು ಗಂಟೆಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿ ಎಂದರು ಆಕೆ.

ಶನಿವಾರ ಬೆಳಿಗ್ಗೆ ಆಂಟಾಪ್ ಹಿಲ್‌ನ ಮನೆಯಲ್ಲಿ ರಾಮಸ್ವಾಮಿ ಸ್ನಾನ ಮಾಡಿ, ಹನ್ನೆರಡು ವರ್ಷದ ಕಂಪ್ಯೂಟರಿಗೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿ, ಕೈಮುಗಿದು ಕೂತರು. ಅರ್ಧದವರೆಗೆ ಎಲ್ಲ ಸರಿಯಿತ್ತು. ಆಮೇಲೆ ಪರದೆ ಕಪ್ಪಾಗಿ, ದಾದರ್ ಸ್ಟೇಷನ್ನಿನಲ್ಲಿ ಲೋಕಲ್‌ನಿಂದ ಇಳಿಯುವ ಜನರಂತೆ ಬಿಳಿ ಅಕ್ಷರಗಳು ಒಂದರ ಮೇಲೊಂದು ಬಿದ್ದು ನಿಂತುಹೋದವು. ಎರಡನೇ ಸಲ ಕಾಲು ಭಾಗಕ್ಕೇ ನಿಂತಿತು. ಮೂರನೇ ಸಲ ಶುರುವಿನಲ್ಲೇ. ಹಳೆಯ ವಿಂಡೋಸ್ ಅಂತೂ ಆಗಲೇ ಅಳಿಸಿಹೋಗಿತ್ತು. ಹೆಂಡತಿ ಶಾಮಲಾ ಏನೂ ಕೇಳಲಿಲ್ಲ. ಈಚೆಗೆ ಆಕೆ ಏನನ್ನೂ ಕೇಳುತ್ತಿರಲಿಲ್ಲ; ರಾಮಸ್ವಾಮಿಗೆ ನೋವಾಗುತ್ತಿದ್ದುದೂ ಅದಕ್ಕೇ.

ಸುದ್ದಿ ತಿಳಿದು ಕೆಳಗಿನ ಉಡುಪಿ ಹೋಟೆಲಿನ ಧನರಾಜ್ ಮೇಲೆ ಬಂದರು.

“ಇದು ಹೀಟ್ ಮಾರಾಯ್ರೆ. ನಮ್ಮ ಗ್ರೈಂಡರ್ ಸಹ ಹೀಗೇ ಮಾಡ್ತದೆ.”

ಅವರು ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನ್ ತಿರುಗಿಸಿ ಇಟ್ಟರು. ಹನ್ನೆರಡು ವರ್ಷದ ಧೂಳೆಲ್ಲ ಎದ್ದು ರಾಮಸ್ವಾಮಿ ಭಸ್ಮ ಬಳಿದ ಬೈರಾಗಿಯಂತಾದರು. ನಾಲ್ಕನೇ ಸಲವೂ ನಿಂತಿತು. ಹಾಗಾದರೆ ಪೆನ್‌ಡ್ರೈವೇ ಕೆಟ್ಟಿದೆ ಎಂದು ತೀರ್ಮಾನವಾಗಿ, ಹೋಟೆಲಿನ ಬಿಲ್ ಮಾಡುವ ಕಂಪ್ಯೂಟರಿನಲ್ಲಿ ಬೇರೊಂದನ್ನು ತಯಾರಿಸಿಕೊಂಡು ಬಂದದ್ದಾಯಿತು. ಐದನೇ ಸಲವೂ ಅದೇ ಕಪ್ಪು ಪರದೆ. ಧನರಾಜ್ ಹೋಟೆಲಿನಲ್ಲಿ ರಶ್ ಇದೆ ಎಂದು ಇಳಿದುಹೋದರು. ಗಂಟೆ ಮೂರಾಗಿತ್ತು.

ಅಷ್ಟರಲ್ಲಿ ಶಾಮಲಾಗೆ ರೊಟ್ಟಿ ಕೊಡಲು ಬಂದ ಮೇಲಿನ ಮಹಡಿಯ ಶಿವಕುಮಾರಿ ಪರದೆ ನೋಡಿ ನಿಂತು, ಆದದ್ದನ್ನೆಲ್ಲ ರಾಮಸ್ವಾಮಿಯಿಂದ ಕೇಳಿಕೊಂಡಳು. ಮದುವೆಗೆ ಮುಂಚೆ ಧಾರವಾಡದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಮುಂಬಯಿಗೆ ಬಂದ ಒಂಬತ್ತು ವರ್ಷಗಳಲ್ಲಿ ಆ ವಿಷಯ ಯಾರೂ ಕೇಳಿರಲಿಲ್ಲ.

“ಒಂದೊಂದು ಸಲ ಒಂದೊಂದು ಕಡೆ ನಿಲ್ಲಾಕತ್ತೈತಿ ಅಂದ್ರ ರ‍್ಯಾಮ್ ಕೆಟ್ಟಿರಬೇಕ್ರಿ ಸರ್. ಮೆಮೊರಿದು ಎರಡು ಪಟ್ಟಿ ಅದಾವಲ್ಲ, ಒಂದು ತೆಗೆದು ನೋಡೂಣು.”

ಅವಳು ತಾನೇ ಒಂದು ಪಟ್ಟಿ ತೆಗೆದು, ಮತ್ತೆ ಶುರು ಮಾಡಿದಳು. ಅರ್ಧ ಗಂಟೆಯಲ್ಲಿ ಲಿನಕ್ಸ್ ತೆರೆದುಕೊಂಡಿತು. ಶಾಮಲಾ ಬಹಳ ದಿನಗಳ ಮೇಲೆ ನಕ್ಕು, ಶಿವಕುಮಾರಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

ನಾಲ್ಕಕ್ಕೆ ಫೋನ್ ಬಂತು. ಪರದೆ ನೋಡಿ ಹೆಡ್‌ಮಿಸ್ಟ್ರೆಸ್ ಮೆಚ್ಚಿಕೊಂಡರು. ಹಾಕುವಾಗ ಏನಾದರೂ ತೊಂದರೆಯಾಯಿತೇ, ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ಸುಳ್ಳು ಬಾಯಿಯವರೆಗೆ ಬಂದಿತ್ತು. ಆದರೆ ಅಡುಗೆಮನೆಯಲ್ಲಿ ಶಿವಕುಮಾರಿಯ ದನಿ ಕೇಳುತ್ತಿತ್ತು. ರಾಮಸ್ವಾಮಿ ಇದ್ದದ್ದನ್ನು ಇದ್ದಹಾಗೆ ಹೇಳಿದರು.

ಹೆಡ್‌ಮಿಸ್ಟ್ರೆಸ್ ಕೇಳಿ ಖುಷಿಪಟ್ಟರು. ನಿಮ್ಮಷ್ಟು ಪ್ರಾಮಾಣಿಕರು ಅಪರೂಪ ಎಂದರು. ರಾಮಸ್ವಾಮಿಯ ಎದೆ ಹಗುರಾಯಿತು. ನಮ್ಮ ಲ್ಯಾಬಿನಲ್ಲಿ ದಿನಾ ಇಂಥದೇ ತೊಂದರೆ, ಸೋಮವಾರದಿಂದ ಆಕೆಯನ್ನೇ ಕಳಿಸಿಕೊಡಿ ಎಂದು ಹೇಳಿ ಫೋನ್ ಇಟ್ಟರು.

ಶಾಮಲಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಹಿಂದೆಯೇ ಶಿವಕುಮಾರಿ.

“ರೀ, ಕೆಲಸ ಸಿಕ್ತಾ?”

“ಸಿಕ್ತು,” ಎಂದರು ರಾಮಸ್ವಾಮಿ. “ಶಿವಕುಮಾರಿಗೆ.”