ಹಿಮದ ನಾಯಿಗಳ ಸೇವೆಗೆ ಹೋದ ಭಾವ

ನಮ್ಮ ಭಾವ ನಾಯಿ ಕಂಡರೆ ರಸ್ತೆ ದಾಟುವವರು. ಅದು ಸರಪಳಿಯಲ್ಲಿದ್ದರೂ ಅಷ್ಟೇ, ಕಣ್ಣು ಬಿಡದ ಮರಿಯಾದರೂ ಅಷ್ಟೇ! ಇಂಥವರು ದೋಹಾದಿಂದ ನಾರ್ವೆಗೆ ಹೋಗಿ, ಹಿಮದ ಮೇಲೆ ನಾಯಿಗಳು ಗಾಡಿ ಎಳೆಯುತ್ತಾ ದಿನಗಟ್ಟಲೆ ಓಡುವ ರೇಸಿಗೆ ಸ್ವಯಂಸೇವಕರಾಗಿ ದುಡಿದು ಬಂದರೆಂದರೆ ನಂಬುತ್ತೀರಾ? ದೋಹಾ ಪಕ್ಕದ ಅಲ್ ರಯ್ಯಾನಿನ ಮನೆಯಲ್ಲಿ ನನ್ನಕ್ಕನೂ ನಂಬಿರಲಿಲ್ಲ, ಟಿಕೆಟ್ ಕಣ್ಣಿಗೆ ಬೀಳುವವರೆಗೆ.

"ಇಷ್ಟು ವರ್ಷ ಸೆಕೆಯಲ್ಲಿ ಬೆಂದಾಯ್ತು, ಒಮ್ಮೆ ಸರಿಯಾಗಿ ನಡುಗಬೇಕು" ಎಂಬುದು ಅವರ ವಾದ. ತಾಲೀಮು ಜುಲೈಯಲ್ಲೇ ಶುರು! ಸೂಪರ್‌ಮಾರ್ಕೆಟ್ಟಿನ ಫ್ರೀಜರಿನೊಳಗೆ ತಲೆಯಿಟ್ಟು ನಿಂತುಬಿಟ್ಟರು. ಕಾವಲಿನವನು ಓಡಿಬಂದ.

"ಕ್ಯಾ ಚಾಹಿಯೇ, ಅಂಕಲ್?"

"ಕುಛ್ ನಹೀ, ಪ್ರಾಕ್ಟೀಸ್!"

ದೋಹಾದ ನಜ್ಮಾ ಪೇಟೆಯಲ್ಲಿ ಪುತ್ತೂರಿನ ದರ್ಜಿಯೊಬ್ಬರಿದ್ದಾರೆ. ಹತ್ತಿ ತುಂಬಿದ ಕೋಟು ಹೊಲಿಯಿರಿ ಎಂದಾಗ ಅವರು ಭಾವನ ಹಣೆ ಮುಟ್ಟಿ ನೋಡಿದರಂತೆ. "ಹೊರಗೆ ಮೊಟ್ಟೆ ಒಡೆದು ಹಾಕಿದ್ರೆ ಆಮ್ಲೆಟ್ ಆಗ್ತದೆ. ನಿಮ್ಗೆ ಜ್ವರ ಉಂಟಾ ಸಾರ್?"

ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ನಾರ್ವೆಗೆಂದು ಹಾಕಿದ ಆ ರಜೆಯಲ್ಲಿ ಇಬ್ಬರೂ ಊರಿಗೆ ಹೋಗುವುದೆಂದು ಮಾತಾಗಿತ್ತು. "ನೀವು ನಾಯಿಗಳೊಟ್ಟಿಗೇ ಸಂಸಾರ ಮಾಡಿ, ಖಲಾಸ್!" ಎಂದವಳು ಮಾತು ಬಿಟ್ಟಳು. ಭಾವ ಹೋಗಿ ಬಂದ ಮೇಲೂ ಬಾಯಿ ಬಿಡಲಿಲ್ಲ.

ಬಂದ ವಾರದ ಶುಕ್ರವಾರ ನಾನು ಹೆಂಡತಿಯೊಡನೆ ಅವರ ಮನೆಗೆ ಹೋದೆ. ಅಕ್ಕ ಅಡಿಗೆಮನೆಯಲ್ಲಿದ್ದಳು. ಭಾವ ಕಥೆ ಶುರುಮಾಡಿದರು.

"ಇಲ್ಲಿ ಮುಶೈರಿಬ್‌ನಲ್ಲಿ ನಾನು ಆಫೀಸ್ ಮ್ಯಾನೇಜರ್, ಅಲ್ಲಿ ನಾಯಿ ಕಕ್ಕ ಬಾಚುವ ಮ್ಯಾನೇಜರ್! ಮೊದಲ ದಿನ ಒಂದು ನಾಯಿ ಎದೆಗೆ ಕಾಲಿಟ್ಟಿತು ನೋಡು, ಹಾರಿ ಗಾಡಿಯೊಳಗೆ ಬಿದ್ದೆ. ಓಡಿಸುವವನು ನನ್ನನ್ನೂ ಲಗೇಜೆಂದುಕೊಂಡು ಹಗ್ಗ ತಂದ!"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವ ನಗಲಿಲ್ಲ.

"ಒಂದು ಹೆಣ್ಣುನಾಯಿಗೆ ಕಾಲು ಉಳುಕಿತ್ತು. ಅದನ್ನು ರೇಸಿನ ದಾರಿಯಲ್ಲಿದ್ದ ನಮ್ಮ ತಂಗುದಾಣದಲ್ಲಿ ಬಿಟ್ಟು ಉಳಿದವು ಮುಂದೆ ಓಡಿದವು. ಅದು ಆ ದಾರಿಯನ್ನೇ ನೋಡುತ್ತಾ ಊಳಿಟ್ಟಿತು. ಊಟ ಮುಟ್ಟಲಿಲ್ಲ. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಹೋಗಿ ಹಿಮದ ಮೇಲೆ ಹಾಸಿದ್ದ ಒಣಹುಲ್ಲಿನಲ್ಲಿ ಅದರ ಪಕ್ಕ ಕೂತೆ."

"ಹೆದರಿಕೆ ಆಗ್ಲಿಲ್ವಾ ಭಾವ?"

"ಆಯ್ತು. ಆದರೆ ಅದಕ್ಕೆ ನನಗಿಂತ ಜಾಸ್ತಿ ಆಗಿತ್ತು ಮಾರಾಯ. ಕೈಗವಸು ತೆಗೆದು ತಲೆ ಸವರುತ್ತಾ ತುಳುವಿನಲ್ಲಿ ಸಮಾಧಾನ ಹೇಳಿದೆ."

ಅಡಿಗೆಮನೆಯ ಬಾಗಿಲಿನಿಂದ ದನಿ ಬಂತು. "ಅದರ ಹೆಸರೇನು?"

ಇಷ್ಟು ದಿನಗಳ ಮೇಲೆ ಅಕ್ಕನ ಮೊದಲ ಮಾತು! ಭಾವ ಅತ್ತ ತಿರುಗಿದರು.

"ಅಲ್ಲಿಯ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ ಮಾರಾಯ್ತಿ. ನಿನ್ನ ಹೆಸರು ಹಿಡಿದು ಕರೆದೆ."

ಸೌಟು ಹಾರಿ ಬರುತ್ತದೆಂದು ನಾನು ಸೋಫಾದ ಮೂಲೆಗೆ ಸರಿದೆ.

"ಆಮೇಲೆ? ಉಂಡಿತಾ?"

"ಉಂಡಿತು. ನನ್ನ ತೊಡೆ ಮೇಲೆಯೇ ಮಲಗಿತು."

ಅಕ್ಕ ಒಳಗೆ ಹೋಗಿ ತೆಂಗಿನೆಣ್ಣೆಯ ಬಾಟಲಿ ತಂದಳು. ಭಾವನ ಪಕ್ಕ ಕೂತು, ಚಳಿಗೆ ಒಡೆದ ಆ ಬೆರಳುಗಳನ್ನು ತನ್ನ ಕೈಗೆ ತೆಗೆದುಕೊಂಡು, ಒಂದೊಂದಕ್ಕೇ ಎಣ್ಣೆ ಸವರತೊಡಗಿದಳು.